ಇಲಿಯೋ ಅಳಿಲೋ? ಡಾರ್‌ಮೌಸ್‌ಗಳ ಕುಲಗೋತ್ರ

ಡಾರ್‌ಮೌಸ್‌ನ ಫೋಟೊ ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ಎಷ್ಟು ಮುದ್ದಾಗಿದೆ! ಇನ್ನೊಂದು, ಇದು ಇಲಿನಾ, ಅಳಿಲಾ? ಈ ಎರಡನೇ ಪ್ರಶ್ನೆಯನ್ನು ಸುಮ್ನೆ ಪಕ್ಕಕ್ಕಿಡುವಂತಿಲ್ಲ. ಪ್ರಾಣಿಶಾಸ್ತ್ರಜ್ಞರೇ ಇದಕ್ಕೆ ಸರಿಯಾದ ಉತ್ತರ ಸಿಗದೆ ನೂರು ವರ್ಷಕ್ಕೂ ಜಾಸ್ತಿ ಒದ್ದಾಡಿದ್ದಾರೆ.

ಗೊಂದಲ ಆಗುವುದು ಸಹಜ. ಮೈ ಇಲಿಯಷ್ಟೇ. ಬಾಲದ ತುಂಬ ಅಳಿಲಿನ ಹಾಗೆ ಕೂದಲು. ಕಣ್ಣು ದೊಡ್ಡವು, ಕಪ್ಪು, ಸ್ವಲ್ಪ ಉಬ್ಬಿದಂಥವು. ಕಿವಿ ಗುಂಡಗೆ. ಹಗಲೆಲ್ಲ ಮಲಗಿದ್ದು ರಾತ್ರಿ ಕೊಂಬೆಯಿಂದ ಕೊಂಬೆಗೆ ಓಡಾಡುತ್ತದೆ. ಒಂದೊಂದು ಲಕ್ಷಣ ಒಂದೊಂದು ಕಡೆ ಎಳೆಯುತ್ತದೆ.

ಉತ್ತರ ಈಗ ಗೊತ್ತಿದೆ. ಡಾರ್‌ಮೌಸ್ ಇಲಿಗಿಂತ ಅಳಿಲಿಗೆ ಹತ್ತಿರದ ನೆಂಟ. ಆದರೆ ಅಳಿಲೂ ಅಲ್ಲ. ಗ್ಲಿರಿಡೆ ಅನ್ನುವ ಬೇರೆಯೇ ಕುಟುಂಬ ಅದರದು. ಆ ಉತ್ತರದವರೆಗೆ ಹೋದ ದಾರಿಯೇ ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟದ ಭಾಗ. ಏಕೆಂದರೆ ಹೊರಗಿನಿಂದ ಕಾಣುವ ಬಾಲ, ಕಿವಿ, ಬಣ್ಣಗಳು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಬಂದದ್ದು ಹಲ್ಲು, ದವಡೆಯ ಸ್ನಾಯು ಮತ್ತು ಕೊನೆಗೆ ಡಿಎನ್‌ಎ. ಇನ್ನು ಈ ಪ್ರಾಣಿ ಬದುಕುವ ರೀತಿ ಅರ್ಥ ಆಗಬೇಕಾದರೆ ಅದರ ಕರುಳಿನೊಳಗೂ ಒಮ್ಮೆ ಇಣುಕಬೇಕು.

ದವಡೆ ಹೇಳಿದ ಸುಳ್ಳು

ಇಲಿ, ಅಳಿಲು, ಮುಳ್ಳುಹಂದಿಗಳೆಲ್ಲ ಸೇರುವ ದಂಶಕಗಳ ಗಣ ಬಹಳ ದೊಡ್ಡದು. ಸುಮಾರು 2,500 ಪ್ರಭೇದಗಳಿವೆ. ಭೂಮಿಯ ಮೇಲಿನ ಸಸ್ತನಿ ಪ್ರಭೇದಗಳಲ್ಲಿ ಹತ್ತಿರ ಹತ್ತಿರ ಶೇ. 40 ಇವೇ. ಮೇಲೆ ಎರಡು, ಕೆಳಗೆ ಎರಡು ಬಾಚಿಹಲ್ಲು ಇರುವುದು, ಅವು ಸಾಯುವ ತನಕ ಬೆಳೆಯುತ್ತಲೇ ಇರುವುದು ಎಲ್ಲಕ್ಕೂ ಸಮಾನ. ಹಾಗಾಗಿ ಗುಂಪು ಮಾಡಲು ಬಾಚಿಹಲ್ಲು ಸಾಲದು. ಅದರ ಹಿಂದೆ ಏನಿದೆ ಅಂತ ನೋಡಬೇಕು.

1855ರಲ್ಲಿ ಯೋಹಾನ್ ಫ್ರೀಡ್ರಿಷ್ ಬ್ರಾಂಟ್ ಅನ್ನುವ ವಿಜ್ಞಾನಿ ಒಂದು ದಾರಿ ತೋರಿಸಿದರು. ಅಗಿಯುವ ಸ್ನಾಯು ತಲೆಬುರುಡೆಗೆ ಎಲ್ಲಿ ಅಂಟಿಕೊಂಡಿದೆ ಎಂಬುದನ್ನು ನೋಡಿ ದಂಶಕಗಳನ್ನು ಮೂರು ಪಾಲು ಮಾಡಿದರು. ಅಳಿಲುಗಳಲ್ಲಿ ಸ್ನಾಯುವಿನ ಹೊರಗಿನ ಪದರ ಕಣ್ಣಿನ ಮುಂದೆ ಹಾದು ಮೂತಿಯ ಮೇಲಕ್ಕೆ ಹತ್ತಿರುತ್ತದೆ. ಮುಳ್ಳುಹಂದಿ, ಗಿನಿಪಿಗ್‌ಗಳಲ್ಲಿ ಕಣ್ಣಿನ ಕೆಳಗೆ ಮೂಳೆಯಲ್ಲಿ ಒಂದು ದೊಡ್ಡ ತೂತು ಇರುತ್ತದೆ. ಒಳಗಿನ ಪದರ ಆ ತೂತಿನ ಮೂಲಕ ಹಾದು ಮುಂದೆ ಹೋಗುತ್ತದೆ. ಇಲಿಗಳಲ್ಲಿ ಎರಡೂ ಏರ್ಪಾಡು ಒಟ್ಟಿಗೆ ಇವೆ. ಹೊರಪದರ ಮೂತಿಗೆ ಹತ್ತುತ್ತದೆ, ಒಳಪದರ ತೂತಿನಲ್ಲಿ ತೂರುತ್ತದೆ. ಇಲಿಯ ಬಾಯಿ ಕೊರೆಯುವುದಕ್ಕೂ ಸೈ, ಅಗಿಯುವುದಕ್ಕೂ ಸೈ ಅನ್ನಿಸಿಕೊಂಡಿದ್ದು ಈ ಜೋಡಿ ಏರ್ಪಾಡಿನಿಂದ.

ಈಗ ಯುರೋಪಿನ ಡಾರ್‌ಮೌಸ್‌ನ ತಲೆಬುರುಡೆ ನೋಡಿ. ಹೆಚ್ಚುಕಮ್ಮಿ ಇಲಿಯದೇ ಏರ್ಪಾಡು. ಅಂದಮೇಲೆ ಇಲಿಗಳ ಗುಂಪಿಗೇ ಸೇರಿಸಬೇಕು ಅಲ್ವಾ? ಹಾಗೇ ಮಾಡಿದರು. 1945ರಲ್ಲಿ ಜಾರ್ಜ್ ಗೇಲಾರ್ಡ್ ಸಿಂಪ್ಸನ್ ಸಸ್ತನಿಗಳ ದೊಡ್ಡ ವರ್ಗೀಕರಣ ಹೊರತಂದಾಗಲೂ ಡಾರ್‌ಮೌಸ್ ಇಲಿಗಳ ಉಪಗಣದಲ್ಲೇ ಕೂತಿತ್ತು.

ಆದರೆ ಆಫ್ರಿಕಾದ ಡಾರ್‌ಮೌಸ್‌ಗಳು ಈ ಲೆಕ್ಕಕ್ಕೆ ಒಗ್ಗಲಿಲ್ಲ. ಸಹರಾ ಮರುಭೂಮಿಯ ದಕ್ಷಿಣಕ್ಕಿರುವ ಗ್ರಾಫಿಯೂರಸ್ ಕುಲದ ಪ್ರಾಣಿಗಳ ದವಡೆಯಲ್ಲಿ ಇಲಿಯ ಜೋಡಿ ಏರ್ಪಾಡು ಇಲ್ಲ. ಗಿನಿಪಿಗ್‌ನ ಹಾಗೆ ತೂತಿನಲ್ಲಿ ತೂರುವ ಸ್ನಾಯು ಮಾತ್ರ ಇದೆ. ಒಂದೇ ಕುಟುಂಬದಲ್ಲಿ ಎರಡು ಬಗೆ. ಇದರಿಂದ ಒಂದು ವಿಷಯ ಗೊತ್ತಾಯಿತು. ಇಲಿಗಳೂ ಡಾರ್‌ಮೌಸ್‌ಗಳೂ ಒಂದೇ ಬಗೆಯ ದವಡೆಗೆ ಬೇರೆ ಬೇರೆ ದಾರಿಯಿಂದ ಬಂದು ತಲುಪಿವೆ. ಒಂದೇ ತರಹದ ಕೆಲಸ, ಹಾಗಾಗಿ ಒಂದೇ ತರಹದ ಆಕಾರ. ರಕ್ತಸಂಬಂಧಕ್ಕೆ ಅದು ಸಾಕ್ಷಿ ಆಗುವುದಿಲ್ಲ. ಯುರೋಪಿನ ಡಾರ್‌ಮೌಸ್‌ಗಳದು ಹುಸಿ ಇಲಿ ದವಡೆ ಅಂತಲೇ ವಿಜ್ಞಾನಿಗಳು ಕರೆಯುತ್ತಾರೆ.

ಹಲ್ಲು ಇನ್ನಷ್ಟು ಸುಳಿವು ಕೊಟ್ಟಿತು. ಇಲಿಗೆ ಒಟ್ಟು 16 ಹಲ್ಲು. ಡಾರ್‌ಮೌಸ್‌ಗೆ 20. ಹೆಚ್ಚುವರಿ ನಾಲ್ಕು ಯಾವುವು ಅಂದರೆ ದವಡೆ ಹಲ್ಲಿನ ಮುಂದೆ, ಒಂದೊಂದು ಕಡೆ ಒಂದೊಂದರಂತೆ ಇರುವ ಮುಂದವಡೆ ಹಲ್ಲುಗಳು. ಇಲಿಗಳ ವಂಶ ಇವನ್ನು ಎಂದೋ ಕಳೆದುಕೊಂಡಿದೆ, ಅಳಿಲುಗಳ ವಂಶ ಉಳಿಸಿಕೊಂಡಿದೆ. ಡಾರ್‌ಮೌಸ್‌ನ ದವಡೆ ಹಲ್ಲಿನ ಮೇಲ್ಮೈಯನ್ನು ಲೆನ್ಸಿನಲ್ಲಿ ನೋಡಿದರೆ ಅಡ್ಡಡ್ಡ ಸಣ್ಣ ಏಣುಗಳ ಸಾಲು ಕಾಣುತ್ತದೆ. ಈ ಗುರುತು ಎಷ್ಟು ಖಚಿತ ಅಂದರೆ, ಮಣ್ಣಿನಲ್ಲಿ ಒಂದೇ ಒಂದು ಹಲ್ಲು ಸಿಕ್ಕಿದರೂ ಪಳೆಯುಳಿಕೆ ತಜ್ಞರು ಅದರ ಕುಟುಂಬ ಹೇಳಬಲ್ಲರು.

ಕೊನೆಯ ತೀರ್ಪು ಬಂದದ್ದು ಡಿಎನ್‌ಎಯಿಂದ. ಜೀನ್‌ಗಳನ್ನು ಹೋಲಿಸಿ ನೋಡಿದಾಗ ಡಾರ್‌ಮೌಸ್‌ಗಳು ಇಲಿಗಳನ್ನು ಬಿಟ್ಟು ಅಳಿಲುಗಳ ಪಕ್ಕ ಬಂದು ಕೂತವು. ಈಗಿನ ವರ್ಗೀಕರಣದಲ್ಲಿ ಅಳಿಲು ಕುಟುಂಬ, ಉತ್ತರ ಅಮೆರಿಕದ ಪಶ್ಚಿಮದಲ್ಲಿ ಒಂದೇ ಪ್ರಭೇದವಾಗಿ ಉಳಿದಿರುವ ಮೌಂಟನ್ ಬೀವರ್, ಮತ್ತು ಡಾರ್‌ಮೌಸ್ ಕುಟುಂಬ ಒಂದೇ ಉಪಗಣದಲ್ಲಿವೆ. ಹಾಗಂತ ತೀರಾ ಹತ್ತಿರದ ದಾಯಾದಿಗಳು ಅಂದುಕೊಳ್ಳಬೇಡಿ. ಅಳಿಲಿನ ದಾರಿಯೂ ಡಾರ್‌ಮೌಸ್‌ನ ದಾರಿಯೂ ಬೇರೆಯಾಗಿ 5 ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ.

ಹೆಸರಿಗೆ ಮಾತ್ರ ಡಾರ್‌ಮೌಸ್

ಇಲ್ಲೇ ಪಶ್ಚಿಮ ಘಟ್ಟದ ಒಂದು ಪ್ರಾಣಿಯ ಮಾತು ಬರಲೇಬೇಕು. ಮಲಬಾರ್ ಮುಳ್ಳು ಡಾರ್‌ಮೌಸ್ ಅಂತ ಕೆಲವು ಪುಸ್ತಕಗಳಲ್ಲಿ ಓದಿರಬಹುದು. ನಿತ್ಯಹರಿದ್ವರ್ಣ ಕಾಡಿನ ಮರದ ಪೊಟರೆಯಲ್ಲಿ ಇರುತ್ತದೆ. ರಾತ್ರಿ ಹೊರಗೆ ಬರುತ್ತದೆ. ಬೆನ್ನಿನ ಕೂದಲಿನ ನಡುವೆ ಚಪ್ಪಟೆ ಮುಳ್ಳುಗಳು, ಬಾಲದ ತುದಿಯಲ್ಲಿ ಕುಚ್ಚು. 1859ರಲ್ಲಿ ಎಡ್ವರ್ಡ್ ಬ್ಲೈತ್ ಇದನ್ನು ವಿವರಿಸಿ ಪ್ಲಾಟಕ್ಯಾಂತೊಮಿಸ್ ಲಾಸಿಯೂರಸ್ ಅಂತ ಹೆಸರಿಟ್ಟರು. ಕುಚ್ಚು ಬಾಲ, ಮರದ ವಾಸ, ಹಲ್ಲಿನ ಮೇಲಿನ ಅಡ್ಡ ಏಣು ನೋಡಿ ಇದನ್ನು ಬಹಳ ಕಾಲ ಡಾರ್‌ಮೌಸ್‌ಗಳ ಜೊತೆ ಸೇರಿಸಿದ್ದರು. ಸಿಂಪ್ಸನ್ ಕೂಡ ಹಾಗೇ ಮಾಡಿದ್ದರು.

ಆದರೆ ಹಲ್ಲು ಎಣಿಸಿ ನೋಡಿ. 16 ಇವೆ. ಮುಂದವಡೆ ಹಲ್ಲು ಇಲ್ಲ. 2009ರಲ್ಲಿ ಪ್ರಕಟವಾದ, ಇದರ ಹತ್ತಿರದ ನೆಂಟ ಪ್ರಾಣಿಯೊಂದರ ಡಿಎನ್‌ಎ ಅಧ್ಯಯನ ಸಂದೇಹ ಬಿಡಿಸಿತು. ಇದು ಇಲಿಗಳ ದೊಡ್ಡ ಬಳಗಕ್ಕೆ ಸೇರಿದ್ದು. ಅದೂ ಆ ಬಳಗದಿಂದ ಎಲ್ಲರಿಗಿಂತ ಮೊದಲು ಕವಲೊಡೆದ ವಂಶ. ಅಂದರೆ ಘಟ್ಟದ ಈ ಪ್ರಾಣಿ ನಿಜವಾದ ಡಾರ್‌ಮೌಸ್ ಅಲ್ಲ ಅನ್ನುವುದರಿಂದ ಅದರ ಮಹತ್ವ ಏನೂ ಕಡಿಮೆ ಆಗಲಿಲ್ಲ, ಇನ್ನೂ ಜಾಸ್ತಿ ಆಯಿತು. ಅದಕ್ಕೆ ಹತ್ತಿರದ ನೆಂಟರು ಇರುವುದು ದೂರದ ಚೀನಾ ಮತ್ತು ವಿಯೆಟ್ನಾಂ ಕಾಡುಗಳಲ್ಲಿ. ಟಿಫ್ಲೊಮಿಸ್ ಅನ್ನುವ ಆ ಪುಟ್ಟ ಪ್ರಾಣಿಗಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬಾವಲಿಯ ಹಾಗೆ ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸಿ, ಅದರ ಪ್ರತಿಧ್ವನಿ ಕೇಳಿ ಕತ್ತಲಲ್ಲಿ ಮರ ಹತ್ತುತ್ತವೆ. 2021ರಲ್ಲಿ ಇದು ಪ್ರಯೋಗಗಳಿಂದ ಖಚಿತವಾಯಿತು. ಅವನ್ನೂ ಒಂದು ಕಾಲದಲ್ಲಿ ಚೀನಾದ ಕಿರು ಡಾರ್‌ಮೌಸ್ ಅಂತ ಕರೆಯುತ್ತಿದ್ದರು.

ಕರುಳಿನಲ್ಲಿ ಏನೋ ಇಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಡಾರ್‌ಮೌಸ್‌ನ ಬದುಕು ಅರ್ಥ ಮಾಡಿಕೊಳ್ಳಲು ಒಂದೇ ಒಂದು ಸಂಗತಿ ನೆನಪಿಡಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ: ಅದಕ್ಕೆ ಸೀಕಮ್ ಇಲ್ಲ.

ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಕಡೆ ಇರುವ ಚೀಲಕ್ಕೆ ಸೀಕಮ್ ಅನ್ನುತ್ತಾರೆ. ಹುಲ್ಲು, ಎಲೆ, ತೊಗಟೆ ತಿನ್ನುವ ದಂಶಕಗಳಲ್ಲಿ ಇದು ದೊಡ್ಡದಾಗಿರುತ್ತದೆ. ಅದರೊಳಗಿನ ಬ್ಯಾಕ್ಟೀರಿಯಾಗಳು ನಾರನ್ನು ಕೊಳೆಸಿ ಅದರಿಂದ ಶಕ್ತಿ ತೆಗೆಯುತ್ತವೆ. ಬೇರೆ ದಂಶಕಗಳಿಗೆಲ್ಲ ಇರುವ ಈ ಚೀಲ ಡಾರ್‌ಮೌಸ್‌ಗಳಿಗೆ ಇಲ್ಲ. ಹಾಗಾಗಿ ಎಲೆ, ಹುಲ್ಲು ತಿಂದು ಹೊಟ್ಟೆ ಹೊರೆಯುವುದು ಅವಕ್ಕೆ ಆಗದ ಮಾತು. ಬೇಗ ಜೀರ್ಣವಾಗುವ, ಸತ್ವ ತುಂಬಿದ ಆಹಾರವೇ ಬೇಕು. ಹೂವು, ಪರಾಗ, ಮಕರಂದ, ಹಣ್ಣು, ಹುಳ, ಎಣ್ಣೆಯಂಶದ ಬೀಜ.

ಈ ಒಂದು ಕೊರತೆಯಿಂದ ಉಳಿದದ್ದೆಲ್ಲ ಹೊರಡುತ್ತದೆ. ಹೂವು, ಹಣ್ಣು, ಬೀಜ ಒಂದೇ ಮರದಲ್ಲಿ ವರ್ಷವಿಡೀ ಸಿಗುವುದಿಲ್ಲ. ಆದ್ದರಿಂದ ಹಲವು ಬಗೆಯ ಮರ, ಪೊದೆ, ಬಳ್ಳಿ ಇರುವ ಕಾಡು ಬೇಕು. ಚಳಿಗಾಲದಲ್ಲಿ ಈ ಯಾವುದೂ ಇರುವುದಿಲ್ಲ. ಆಗ ಬೇರೆ ದಾರಿ ಇಲ್ಲದೆ ನಿದ್ದೆ.

ಹೇಜಲ್ ಡಾರ್‌ಮೌಸ್‌ನ ವರ್ಷವನ್ನೇ ತೆಗೆದುಕೊಳ್ಳಿ. ಬ್ರಿಟನ್‌ನಿಂದ ರಷ್ಯಾದವರೆಗೆ, ಸ್ವೀಡನ್‌ನಿಂದ ಇಟಲಿ, ಉತ್ತರ ಟರ್ಕಿಯವರೆಗೆ ಇರುವ ಪ್ರಾಣಿ ಇದು. ಬಂಗಾರದ ಬಣ್ಣ. ಬೇಸಿಗೆಯಲ್ಲಿ ತೂಕ 15ರಿಂದ 20 ಗ್ರಾಂ. ವಸಂತದಲ್ಲಿ ಎದ್ದಾಗ ಹಾಥಾರ್ನ್, ಓಕ್ ಮರಗಳ ಹೂವು ಅದಕ್ಕೆ ಊಟ. ಆಮೇಲೆ ಹನಿಸಕಲ್ ಬಳ್ಳಿಯ ಹೂವು. ಬೇಸಿಗೆಯ ನಡುವೆ ಹೂವು ಮುಗಿದು ಹಣ್ಣು ಇನ್ನೂ ಆಗದಿರುವ ಒಂದು ಕಷ್ಟದ ಅವಧಿ ಬರುತ್ತದೆ. ಆಗ ಗಿಡಹೇನು, ಕಂಬಳಿಹುಳ ತಿಂದು ದಿನ ತಳ್ಳುತ್ತದೆ. ನಂತರ ಬ್ಲ್ಯಾಕ್‌ಬೆರಿ. ಕೊನೆಗೆ ಶರತ್ಕಾಲದಲ್ಲಿ ಹೇಜಲ್ ಬೀಜ. ನಿದ್ದೆಗೆ ಬೇಕಾದ ಕೊಬ್ಬು ಮುಖ್ಯವಾಗಿ ಇದರಿಂದಲೇ. ಚೆನ್ನಾಗಿ ತಿಂದರೆ ತೂಕ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ.

ಹೇಜಲ್ ಬೀಜ ತಿನ್ನುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಟ್ಟಿ ಸಿಪ್ಪೆಯ ಒಂದು ಬದಿಯಲ್ಲಿ ಡಾರ್‌ಮೌಸ್ ಗುಂಡಗಿನ ತೂತು ಕೊರೆಯುತ್ತದೆ. ತೂತಿನ ಒಳ ಅಂಚಿಗೆ ಬೆರಳು ಆಡಿಸಿದರೆ ನುಣುಪು. ಹೊರಗೆ, ಸಿಪ್ಪೆಯ ಮೇಲೆ, ತೂತಿನ ಸುತ್ತ ಓರೆಯಾಗಿ ಸಣ್ಣ ಹಲ್ಲಿನ ಗೀರುಗಳು. ಕಾಡಿಲಿ ತಿಂದ ಬೀಜವಾದರೆ ತೂತಿನ ಅಂಚೇ ಗರಗಸದಂತೆ ಗೀರುಗೀರಾಗಿರುತ್ತದೆ. ಅಳಿಲಾದರೆ ಸಿಪ್ಪೆಯನ್ನು ಎರಡು ಹೋಳು ಮಾಡಿ ಬಿಸಾಡಿರುತ್ತದೆ. ರಾತ್ರಿ ಮಾತ್ರ ಓಡಾಡುವ, ನೆಲಕ್ಕೆ ಹೆಚ್ಚಾಗಿ ಇಳಿಯದ, ಸದ್ದೇ ಮಾಡದ ಪ್ರಾಣಿಯನ್ನು ಹುಡುಕುವವರಿಗೆ ಈ ಸಿಪ್ಪೆಗಿಂತ ಒಳ್ಳೆಯ ಪುರಾವೆ ಇಲ್ಲ. 1993ರಲ್ಲಿ ಬ್ರಿಟನ್‌ನಲ್ಲಿ ಗ್ರೇಟ್ ನಟ್ ಹಂಟ್ ಅಂತ ಒಂದು ಅಭಿಯಾನ ನಡೆಯಿತು. ಸಾವಿರಾರು ಸಾಮಾನ್ಯ ಜನ ಕಾಡಿನ ನೆಲದಲ್ಲಿ ಬಿದ್ದ ಸಿಪ್ಪೆಗಳನ್ನು ಆರಿಸಿ ಕೊಟ್ಟರು. ಡಾರ್‌ಮೌಸ್ ಎಲ್ಲೆಲ್ಲಿ ಉಳಿದಿದೆ ಅನ್ನುವ ನಕ್ಷೆ ಮೂಡಿದ್ದು ಈ ಗೀರುಗಳನ್ನು ಓದಿಯೇ.

ನಿದ್ದೆ ಅನ್ನುವುದಕ್ಕಿಂತ ಆಚೆ

ಚಳಿಗಾಲದ ಈ ಸ್ಥಿತಿಯನ್ನು ನಿದ್ದೆ ಅನ್ನುವುದು ನಮ್ಮ ಅನುಕೂಲಕ್ಕೆ. ನಾವು ಮಲಗಿದಾಗ ಮೈ ಬಿಸಿ ಹಾಗೇ ಇರುತ್ತದೆ. ಡಾರ್‌ಮೌಸ್‌ನ ಮೈ ಸುತ್ತಲಿನ ಮಣ್ಣಿನಷ್ಟೇ ತಣ್ಣಗಾಗುತ್ತದೆ, ಶೂನ್ಯಕ್ಕಿಂತ ಕೆಲವೇ ಡಿಗ್ರಿ ಮೇಲೆ. ಎಚ್ಚರದಲ್ಲಿ ನಿಮಿಷಕ್ಕೆ ನೂರಾರು ಸಲ ಬಡಿಯುವ ಎದೆ ಆಗ ಕೆಲವೇ ಸಲ ಬಡಿಯುತ್ತದೆ. ಉಸಿರು ಎಷ್ಟೋ ಹೊತ್ತು ನಿಂತೇ ಹೋಗಿರುತ್ತದೆ. ಮುಟ್ಟಿದರೆ ಸತ್ತಿದೆ ಅನ್ನಿಸುತ್ತದೆ. ನಡುನಡುವೆ, ಕೆಲವು ದಿನ ಅಥವಾ ವಾರಗಳಿಗೊಮ್ಮೆ, ಮೈಯನ್ನು ಮತ್ತೆ ಪೂರ್ತಿ ಬಿಸಿ ಮಾಡಿಕೊಂಡು ಕೆಲವು ಗಂಟೆ ಎಚ್ಚರವಾಗುತ್ತದೆ. ಕೂಡಿಟ್ಟ ಕೊಬ್ಬಿನ ದೊಡ್ಡ ಪಾಲು ಖರ್ಚಾಗುವುದು ಇಂಥ ಎಚ್ಚರಗಳಲ್ಲೇ.

ಮಲಗುವ ಜಾಗವೂ ಕುತೂಹಲದ್ದು. ಬೇಸಿಗೆಯೆಲ್ಲ ಮರದ ಮೇಲೆ, ಹನಿಸಕಲ್ ತೊಗಟೆಯ ಎಳೆಗಳಿಂದ ನೇಯ್ದ ಗೂಡಿನಲ್ಲಿ ಇದ್ದ ಹೇಜಲ್ ಡಾರ್‌ಮೌಸ್ ಚಳಿಗಾಲಕ್ಕೆ ನೆಲಕ್ಕೆ ಇಳಿಯುತ್ತದೆ. ಒದ್ದೆ ತರಗೆಲೆಯ ಕೆಳಗೆ, ಮರದ ಬುಡದಲ್ಲಿ, ಕ್ರಿಕೆಟ್ ಚೆಂಡಿನಷ್ಟು ಗೂಡು ಕಟ್ಟಿ ಬಾಲವನ್ನು ಮುಖದ ಮೇಲೆ ಹೊದ್ದು ಮಲಗುತ್ತದೆ. ಬೆಚ್ಚಗಿನ ಪೊಟರೆ ಬಿಟ್ಟು ತಣ್ಣನೆ ನೆಲ ಯಾಕೆ? ನೆಲದ ತಂಪು ಏರುಪೇರು ಆಗುವುದಿಲ್ಲ, ಅದಕ್ಕೆ. ಒಂದೇ ಸಮನೆ ತಣ್ಣಗಿದ್ದರೆ ಕೊಬ್ಬು ನಿಧಾನ ಕರಗುತ್ತದೆ. ತೇವ ಇರುವುದರಿಂದ ಮೈ ಒಣಗುವುದೂ ಇಲ್ಲ. ಅಕ್ಟೋಬರ್‌ನಿಂದ ಏಪ್ರಿಲ್ ಅಥವಾ ಮೇ ತನಕ ಅಲ್ಲೇ. ಅಪಾಯ ಇಲ್ಲದೆ ಏನಿಲ್ಲ, ಹಂದಿಯೋ ನರಿಯೋ ಮೂಗು ಹಾಕಿದರೆ ಓಡಲು ಆಗುವುದಿಲ್ಲ.

ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದ್ದು ಗ್ಲಿಸ್ ಗ್ಲಿಸ್. ಯುರೋಪಿನ ಡಾರ್‌ಮೌಸ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಬೂದು ಬಣ್ಣ, ಗಾತ್ರದಲ್ಲಿ ಪುಟ್ಟ ಅಳಿಲನ್ನು ಹೋಲುತ್ತದೆ. ಇದರ ಬದುಕು ಬೀಚ್ ಮರಕ್ಕೆ ಗಂಟು ಬಿದ್ದಿದೆ. ಬೀಚ್ ಮರಗಳು ಪ್ರತಿ ವರ್ಷ ಬೀಜ ಬಿಡುವುದಿಲ್ಲ. ಒಂದು ವರ್ಷ ಇಡೀ ಕಾಡು ಒಟ್ಟಿಗೆ ಹೇರಳ ಬಿಟ್ಟರೆ ಆಮೇಲಿನ ಕೆಲವು ವರ್ಷ ಬರಿಗೈ. ಗ್ಲಿಸ್ ಇದಕ್ಕೆ ಹೊಂದಿಕೊಂಡಿದೆ. ಬೀಜ ಬರುವ ವರ್ಷ ಮಾತ್ರ ಮರಿ ಹಾಕುತ್ತದೆ, ಅದೂ ಬೀಜ ಬಲಿಯುವ ಹೊತ್ತಿಗೆ ಸರಿಯಾಗಿ. ಬೀಜ ಇಲ್ಲದ ವರ್ಷ ಸಂಸಾರದ ಗೋಜಿಗೇ ಹೋಗುವುದಿಲ್ಲ. ಬೀಜ ಬರುತ್ತದೋ ಇಲ್ಲವೋ ಅನ್ನುವುದು ಅದಕ್ಕೆ ತಿಂಗಳುಗಳ ಮೊದಲೇ ಹೇಗೆ ತಿಳಿಯುತ್ತದೆ ಅಂದರೆ, ಮರದ ಮೊಗ್ಗು ಮತ್ತು ಎಳೆ ಬೀಜಗಳನ್ನು ತಿಂದೇ ಸುಳಿವು ಹಿಡಿಯುತ್ತದೆ ಎಂಬುದು ಸಂಶೋಧಕರ ವಿವರಣೆ.

ಮರಿ ಇಲ್ಲದ ವರ್ಷ ಏನು ಮಾಡುತ್ತದೆ? ಆಸ್ಟ್ರಿಯಾದ ಸಂಶೋಧಕರು ಕಾಡಿನ ಗ್ಲಿಸ್‌ಗಳ ಮೈ ಬಿಸಿಯನ್ನು ದಾಖಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಪ್ರಾಣಿಗಳು ಬೇಸಿಗೆ ಶುರುವಿನಲ್ಲೇ ಮಣ್ಣೊಳಗೆ ಹೋಗಿ 11 ತಿಂಗಳಿಗೂ ಮೇಲೆ ಹಾಗೇ ಇದ್ದವು. ಹೊರಗೆ ಬಿಸಿಲು, ತಿನ್ನಲು ಏನಾದರೂ ಇರುವ ಕಾಲ, ಆದರೂ ಒಳಗೆ. ಕಾರಣ ಗೂಬೆ. ಮರದ ಮೇಲೆ ಓಡಾಡಿದಷ್ಟೂ ಗೂಬೆಗೆ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ. ಕೊಬ್ಬು ಸಾಕಷ್ಟಿದ್ದು ಮರಿ ಹಾಕುವ ಕೆಲಸ ಇಲ್ಲದಿದ್ದರೆ ನೆಲದೊಳಗೆ ಇರುವುದೇ ಕ್ಷೇಮ. ಹೀಗೆ ಉಳಿತಾಯ ಮಾಡಿ ಬದುಕುವ ಗ್ಲಿಸ್‌ನ ಆಯುಸ್ಸು 9-10 ವರ್ಷ ದಾಟಬಹುದು. ಕಾಡಿಲಿಯೊಂದು ಸಾಮಾನ್ಯವಾಗಿ ಒಂದೆರಡು ವರ್ಷವೂ ಬದುಕುವುದಿಲ್ಲ. ಇನ್ನೊಂದು ಸಂಗತಿ ನನ್ನನ್ನು ಬೆರಗಾಗಿಸಿದ್ದು: ವಯಸ್ಸಾದಂತೆ ಕ್ರೋಮೊಸೋಮ್‌ಗಳ ತುದಿಯ ಟೆಲೊಮಿಯರ್‌ಗಳು ಸವೆಯುತ್ತಾ ಹೋಗುವುದು ಪ್ರಾಣಿಗಳಲ್ಲಿ ಸಾಮಾನ್ಯ. ಗ್ಲಿಸ್‌ನಲ್ಲಿ ಸುಮಾರು 6 ವರ್ಷ ದಾಟಿದ ಮೇಲೆ ಅವು ಮತ್ತೆ ಉದ್ದವಾಗುವುದು ಕಂಡುಬಂದಿದೆ.

ಕುಟುಂಬದ ಉಳಿದವರು

ಗ್ಲಿರಿಡೆ ಕುಟುಂಬದಲ್ಲಿ ಇಂದು ಬದುಕಿರುವುದು 9 ಕುಲ, ಸುಮಾರು 30 ಪ್ರಭೇದ. ಎಲ್ಲವೂ ಯುರೋಪ್, ಆಫ್ರಿಕಾ, ಏಷ್ಯಾದಲ್ಲೇ. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ ಒಂದೂ ಇಲ್ಲ. ಕುಟುಂಬವನ್ನು ಮೂರು ಉಪಕುಟುಂಬಗಳಾಗಿ ವಿಂಗಡಿಸುತ್ತಾರೆ.

ಮೊದಲನೆಯದು ಮೇಲೆ ಹೇಳಿದ ಆಫ್ರಿಕಾದ ಗ್ರಾಫಿಯೂರಸ್. ಒಂದೇ ಕುಲ, ಆದರೆ ಕುಟುಂಬದ ಅರ್ಧದಷ್ಟು ಪ್ರಭೇದಗಳು ಇದರಲ್ಲೇ. ಮಳೆಕಾಡು, ಸವನ್ನಾ, ಬಂಡೆಗಳ ಸಂದು, ಮನೆಯ ಚಾವಣಿ, ಎಲ್ಲೆಡೆ ಇವೆ. ದಕ್ಷಿಣ ಆಫ್ರಿಕಾದ ಬಂಡೆಗಳಲ್ಲಿರುವ ಕನ್ನಡಕದ ಡಾರ್‌ಮೌಸ್‌ನ ಮುಖದ ಕಪ್ಪು ಬಿಳಿ ಪಟ್ಟೆ ನೋಡಲು ಬಹಳ ಚೆಂದ. ಪ್ರಭೇದಗಳ ಸಂಖ್ಯೆ ಹೆಚ್ಚಿದ್ದರೂ ಅಧ್ಯಯನ ಆಗಿರುವುದು ಕಡಿಮೆ. ಡಾರ್‌ಮೌಸ್ ಅಂದರೆ ಯುರೋಪಿನ ಪ್ರಾಣಿ ಅನ್ನುವ ಭಾವನೆ ಗಟ್ಟಿಯಾಗಿರುವುದಕ್ಕೆ ಇದೂ ಒಂದು ಕಾರಣ, ಮತ್ತು ಅದು ಸರಿಯಾದ ಚಿತ್ರ ಅಲ್ಲ.

ಎರಡನೆಯದರಲ್ಲಿ ಎರಡೇ ಕುಲ. ಒಂದು ಗ್ಲಿಸ್. ಇನ್ನೊಂದು ಜಪಾನಿನ ಗ್ಲಿರುಲಸ್, ಅಲ್ಲಿಯವರು ಯಮಾನೆ ಅನ್ನುತ್ತಾರೆ. ಬೆನ್ನ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ, ಮೈ ಸುಮಾರು 8 ಸೆಂಟಿಮೀಟರ್. ಕೊಂಬೆಯ ಕೆಳಬದಿಯಲ್ಲಿ ತಲೆಕೆಳಗಾಗಿ ಓಡುವುದರಲ್ಲಿ ಎತ್ತಿದ ಕೈ. 1975ರಲ್ಲಿ ಜಪಾನ್ ಇದನ್ನು ರಾಷ್ಟ್ರೀಯ ನೈಸರ್ಗಿಕ ಸ್ಮಾರಕ ಎಂದು ಘೋಷಿಸಿತು. ಇದೇ ಕುಲದ ಪಳೆಯುಳಿಕೆಗಳು ಯುರೋಪಿನಲ್ಲಿ ಸಿಕ್ಕಿವೆ. ಅಲ್ಲಿ ಪೂರ್ತಿ ಅಳಿದು, ಭೂಖಂಡದ ಇನ್ನೊಂದು ತುದಿಯ ದ್ವೀಪಗಳಲ್ಲಿ ಮಾತ್ರ ಉಳಿದುಕೊಂಡ ವಂಶ ಇದು.

ಮೂರನೆಯ ಗುಂಪು ಬಲು ಬಗೆಬಗೆಯದು. ಹೇಜಲ್ ಡಾರ್‌ಮೌಸ್ ಇದರಲ್ಲೇ. ಕಣ್ಣಿನ ಸುತ್ತ ಕಪ್ಪು ಪಟ್ಟೆ ಇರುವ ಗಾರ್ಡನ್ ಡಾರ್‌ಮೌಸ್ ಕೂಡ. ಹೆಸರು ತೋಟದ್ದಾದರೂ ಅದು ಕಲ್ಲುಬಂಡೆ, ಕಾಡು, ಹಳೆಯ ಗೋಡೆಗಳಲ್ಲೂ ಇರುತ್ತದೆ, ನೆಲದ ಮೇಲೆ ಹೆಚ್ಚು ಓಡಾಡುತ್ತದೆ, ಕೀಟ, ಬಸವನಹುಳು ಹುಡುಕಿ ತಿನ್ನುತ್ತದೆ. ಫಾರೆಸ್ಟ್ ಡಾರ್‌ಮೌಸ್ ಆಲ್ಪ್ಸ್‌ನಿಂದ ಮಧ್ಯ ಏಷ್ಯಾದವರೆಗೆ ಹರಡಿದೆ. ಅದರ ಹತ್ತಿರದ ನೆಂಟ ಒಂದು ಬಲೂಚಿಸ್ತಾನದ ಜಿಯಾರತ್‌ನ ಜ್ಯೂನಿಪರ್ ಕಾಡುಗಳಲ್ಲಿದೆ. ಚೀನಾದ ಸಿಚುವಾನ್‌ನಿಂದ 1985ರಲ್ಲಿ ವಿವರಿಸಿದ ಪ್ರಭೇದದ ಮಾದರಿಗಳು ಬೆರಳೆಣಿಕೆಯಷ್ಟೇ ಸಿಕ್ಕಿವೆ. ಬಾಲದಲ್ಲಿ ಕೂದಲೇ ಕಡಿಮೆ ಇರುವ ಮಯೋಮಿಮಸ್ ಕುಲದವು ಮರ ಬಿಟ್ಟು ನೆಲದಲ್ಲಿ ಬದುಕುತ್ತವೆ. ಬಾಲ ನೋಡಿ ಗುಂಪು ಮಾಡಿದ್ದರೆ ಇವು ಕುಟುಂಬದಿಂದ ಹೊರಗೇ ಉಳಿಯುತ್ತಿದ್ದವು.

ಎಲ್ಲಕ್ಕಿಂತ ವಿಚಿತ್ರದ್ದು ಕಜಕಿಸ್ತಾನದ ಮರುಭೂಮಿ ಡಾರ್‌ಮೌಸ್, ಸೆಲೆವಿನಿಯಾ. ಬೆಟ್ಪಾಕ್-ದಾಲಾ ಮರುಭೂಮಿಯಲ್ಲಿ 1938ರಲ್ಲಿ ಪತ್ತೆಯಾಯಿತು. ಮರವೇ ಇಲ್ಲದ ಕಡೆ ಬದುಕುತ್ತದೆ. ಮುಂದವಡೆ ಹಲ್ಲು ಕಳೆದುಕೊಂಡಿದೆ. ಮುಖ್ಯ ಆಹಾರ ಕೀಟ. ಕೂದಲು ಉದುರುವಾಗ ಚರ್ಮದ ಮೇಲಿನ ಪದರವೂ ಕೂದಲಿನ ಜೊತೆ ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಇದಕ್ಕೆ ಬಹಳ ಕಾಲ ಪ್ರತ್ಯೇಕ ಕುಟುಂಬವನ್ನೇ ಕೊಟ್ಟಿದ್ದರು. ಈಗ ಡಾರ್‌ಮೌಸ್‌ಗಳೊಳಗೇ ಸೇರಿಸಿದ್ದಾರೆ.

ಇವಿಷ್ಟೂ ಒಂದು ದೊಡ್ಡ ಮನೆತನದಲ್ಲಿ ಉಳಿದವು. ಅತಿ ಹಳೆಯ ಡಾರ್‌ಮೌಸ್ ಪಳೆಯುಳಿಕೆಗಳು ಸುಮಾರು 5 ಕೋಟಿ ವರ್ಷ ಹಿಂದಿನವು, ಯುರೋಪಿನವು. ಜರ್ಮನಿಯ ಮೆಸೆಲ್ ಗಣಿಯಲ್ಲಿ ಬಾಲದ ಕೂದಲಿನ ಗುರುತು ಸಹಿತ ಒಂದು ಸಿಕ್ಕಿದೆ. ಮಯೋಸೀನ್ ಯುಗದ ಆರಂಭದಲ್ಲಿ, ಅಂದರೆ ಸುಮಾರು 2 ಕೋಟಿ ವರ್ಷ ಹಿಂದೆ, ಯುರೋಪಿನ ಕಾಡುಗಳಲ್ಲಿ ಇವುಗಳದ್ದೇ ಕಾರುಬಾರು. ಹವೆ ಒಣಗಿ ಕಾಡು ಕುಗ್ಗಿದಂತೆ, ಹುಲ್ಲುಗಾವಲಿಗೆ ಒಗ್ಗುವ ಇಲಿ ಬಳಗ ಹೆಚ್ಚಿತು, ಇವು ಕಡಿಮೆಯಾದವು. ಮೆಡಿಟರೇನಿಯನ್ ದ್ವೀಪಗಳಲ್ಲಿ ಮಾತ್ರ ಬೇರೆಯದೇ ಬೆಳವಣಿಗೆ ನಡೆಯಿತು. ಬೇಟೆಪ್ರಾಣಿಗಳ ಕಾಟ ಕಡಿಮೆ ಇದ್ದ ಮಾಲ್ಟಾ, ಸಿಸಿಲಿಯಲ್ಲಿ ಲೀಥಿಯಾ ಅನ್ನುವ ದೈತ್ಯ ಡಾರ್‌ಮೌಸ್ ಹುಟ್ಟಿಕೊಂಡಿತು. ಅದರ ತಲೆಬುರುಡೆಯೇ ಸುಮಾರು 10 ಸೆಂಟಿಮೀಟರ್. ಅಂದರೆ ಯಮಾನೆಯ ಇಡೀ ಮೈಗಿಂತ ಉದ್ದ.

ಮನುಷ್ಯರ ಜೊತೆ

ಪ್ರಾಚೀನ ರೋಮನ್ನರು ಗ್ಲಿಸ್ ಅನ್ನು ಸಾಕಿ ತಿನ್ನುತ್ತಿದ್ದರು. ಒಳಗೆ ಓಡಾಡಲು ಅಂಚು, ಗಾಳಿಗೆ ತೂತು ಇರುವ ಮಣ್ಣಿನ ಮಡಕೆಗಳಲ್ಲಿ ಕತ್ತಲೆಯಲ್ಲಿಟ್ಟು ಬೀಜ ತಿನ್ನಿಸಿ ಕೊಬ್ಬಿಸುತ್ತಿದ್ದರು. ಆಡಂಬರ ತಡೆಯಲು ಕ್ರಿ.ಪೂ. 115ರಲ್ಲಿ ಬಂದ ಕಾನೂನು ಇದನ್ನು ಊಟದಲ್ಲಿ ಬಡಿಸದಂತೆ ನಿಷೇಧಿಸಿತ್ತು. ಸ್ಲೊವೇನಿಯಾದಲ್ಲಿ ಗ್ಲಿಸ್ ಬೇಟೆ ಇಂದಿಗೂ ಉಳಿದಿರುವ ಸಂಪ್ರದಾಯ. 1902ರಲ್ಲಿ ವಾಲ್ಟರ್ ರಾತ್‌ಶೀಲ್ಡ್ ಕೆಲವನ್ನು ಇಂಗ್ಲೆಂಡಿನ ಟ್ರಿಂಗ್‌ಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವುಗಳ ಸಂತತಿ ಈಗಲೂ ಆ ಸುತ್ತಿನ ಮನೆಗಳ ಅಟ್ಟದಲ್ಲಿ ಗಲಾಟೆ ಮಾಡುತ್ತಿದೆ.

ಅದೇ ದೇಶದಲ್ಲಿ, ಅಲ್ಲಿಯದೇ ಆದ ಹೇಜಲ್ ಡಾರ್‌ಮೌಸ್ ಮಾತ್ರ ಕಷ್ಟದಲ್ಲಿದೆ. ಜಗತ್ತಿನ ಮಟ್ಟದಲ್ಲಿ ಇದು ಅಳಿವಿನ ಅಂಚಿನ ಪ್ರಾಣಿ ಅಲ್ಲ. ಆದರೆ ಬ್ರಿಟನ್‌ನಲ್ಲಿ 2000ದಿಂದೀಚೆಗೆ ಸಂಖ್ಯೆ ಶೇ. 70ರಷ್ಟು ಕುಸಿದಿದೆ ಎಂದು 2023ರ ವರದಿ ಹೇಳಿತು. ಗಾರ್ಡನ್ ಡಾರ್‌ಮೌಸ್ ಕೂಡ ತಾನು ಮೊದಲಿದ್ದ ಪ್ರದೇಶದ ಅರ್ಧಕ್ಕಿಂತ ಹೆಚ್ಚು ಕಡೆಯಿಂದ ಮಾಯವಾಗಿದೆ.

ಕಾರಣ ಹುಡುಕುತ್ತಾ ಹೋದರೆ ಮತ್ತೆ ಕರುಳಿಗೇ ಬಂದು ನಿಲ್ಲುತ್ತೇವೆ. ಸಿಕ್ಕಿದ ಹುಲ್ಲು ತಿಂದು ಬದುಕಲಾಗದ ಪ್ರಾಣಿಗೆ ಒಂದರ ಹಿಂದೆ ಒಂದು ಹೂಬಿಡುವ, ಹಣ್ಣಾಗುವ ಕಾಡು ಬೇಕು. ಹಿಂದೆ ಜನ ಹೇಜಲ್ ಗಿಡಗಳನ್ನು ಸರದಿಯಲ್ಲಿ ಬುಡದಿಂದ ಕಡಿದು ಮತ್ತೆ ಚಿಗುರಲು ಬಿಡುತ್ತಿದ್ದರು. ಅದರಿಂದ ಬೇರೆ ಬೇರೆ ವಯಸ್ಸಿನ ಪೊದೆಗಳು ಒಟ್ಟಿಗೆ ಇರುತ್ತಿದ್ದವು. ಆ ಪದ್ಧತಿ ನಿಂತು ಮರಗಳು ಎತ್ತರವಾಗಿ, ಕೆಳಗೆ ನೆರಳು ಕವಿದು ಪೊದೆ ಸತ್ತಿತು. ಹೊಲಗಳ ನಡುವಿನ ಬೇಲಿಸಾಲು ಕಿತ್ತುಹಾಕಿದ್ದರಿಂದ ಕಾಡಿನ ತುಂಡುಗಳು ಬೇರೆಬೇರೆಯಾದವು. ವರ್ಷಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ, ನಾಲ್ಕೈದು ಮರಿ ಹಾಕುವ ಪ್ರಾಣಿ ಇಲಿಯ ವೇಗದಲ್ಲಿ ಚೇತರಿಸಿಕೊಳ್ಳುವುದಿಲ್ಲ. ಚಳಿಗಾಲ ಬೆಚ್ಚಗಾದರೆ ಪದೇ ಪದೇ ಎಚ್ಚರವಾಗಿ ಕೊಬ್ಬು ಬೇಗ ಖಾಲಿಯಾಗುತ್ತದೆ, ಹೊರಗೆ ತಿನ್ನಲು ಇನ್ನೂ ಏನೂ ಇರುವುದಿಲ್ಲ.

ಇದಕ್ಕೆ ಮದ್ದೂ ಇಲ್ಲದಿಲ್ಲ. ಬ್ರಿಟನ್‌ನಲ್ಲಿ 1993ರಿಂದ, ಇವು ಅಳಿದುಹೋದ ಕಾಡುಗಳಿಗೆ ಮತ್ತೆ ತಂದು ಬಿಡುತ್ತಿದ್ದಾರೆ. ಬಿಡುವ ಮುಂಚೆ ಆ ಕಾಡಿನಲ್ಲಿ ವಸಂತದಿಂದ ಶರತ್ಕಾಲದವರೆಗೆ ಆಹಾರದ ಸರಣಿ ತುಂಡಾಗದೆ ಇದೆಯೇ ಅಂತ ನೋಡುತ್ತಾರೆ. ಮರಗಳಿಗೆ ಗೂಡುಪೆಟ್ಟಿಗೆ ಕಟ್ಟುತ್ತಾರೆ. ಅದರ ಬಾಗಿಲು ಮರದ ಕಾಂಡದ ಕಡೆಗೆ ಇರುತ್ತದೆ, ಹಕ್ಕಿಗಳು ಬಂದು ಸೇರಿಕೊಳ್ಳದಿರಲಿ ಅಂತ. ತರಬೇತಿ ಪಡೆದು ಪರವಾನಗಿ ಇರುವ ಸ್ವಯಂಸೇವಕರು ಆ ಪೆಟ್ಟಿಗೆಗಳನ್ನು ತೆರೆದು, ಒಳಗಿರುವುದನ್ನು ತೂಗಿ, ಲೆಕ್ಕ ಬರೆದು ಮತ್ತೆ ಒಳಗೆ ಬಿಡುತ್ತಾರೆ. ಶೇ. 70ರ ಕುಸಿತ ಗೊತ್ತಾಗಿದ್ದೂ ಇಂಥ ಲೆಕ್ಕಗಳಿಂದಲೇ. ಜಪಾನಿನಲ್ಲಿ ರಸ್ತೆ ಸೀಳಿದ ಕಾಡುಗಳ ನಡುವೆ, ಮರದ ಎತ್ತರದಲ್ಲಿ ಯಮಾನೆಗಾಗಿ ತೂಗುಸೇತುವೆಗಳನ್ನು ಕಟ್ಟಿದ್ದಾರೆ. ಯಮಾನೆಗಳು ಅವನ್ನು ದಾಟುವುದು ಕ್ಯಾಮೆರಾದಲ್ಲಿ ದಾಖಲಾಗಿದೆ, ಮತ್ತು ಅದೇ ಮಾದರಿಯನ್ನು ಬ್ರಿಟನ್ ಹೇಜಲ್ ಡಾರ್‌ಮೌಸ್‌ಗಳಿಗೆ ಬಳಸಿಕೊಂಡಿದೆ.